ಸೊಂಟ ಬೆಳೆಯದ ಮಾಸ್ಟ್ರು

ಕತ್ತರಿ ಮಾಸ್ಟ್ರು ಕುರ್ಚಿ ಬಿಟ್ಟು ಏಳುತ್ತಿದ್ದುದು ಬಚ್ಚಲಿಗೆ ಹೋಗೋಕೆ, ಇಲ್ಲ ಹೋಗಿ ಬಿದ್ದುಕೊಳ್ಳೋಕೆ. ಕಾಲಲ್ಲಿ ತುಳಿಯುತ್ತಿದ್ದ ಹೊಲಿಗೆ ಮಿಷನ್ನಿಗೆ ಮೋಟಾರು ಬಂತು. ಆಮೇಲೆ ಚಕ್ರದ ಕುರ್ಚಿ ಬಂತು. ಮಿಷನ್ನಿನಿಂದ ಬಟ್ಟೆ ಕತ್ತರಿಸುವ ಮೇಜಿಗೆ ಮಹಾರಾಯರು ಕೂತಲ್ಲೇ ಜಾರಿಕೊಂಡು ಹೋಗುತ್ತಿದ್ದರು. ಮಿಕ್ಕಿದ್ದಕ್ಕೆಲ್ಲ ಹೆಂಡತಿ ಇದ್ದಳಲ್ಲ! "ಏನೇ, ದಾರ ತಗೊಂಡ್ಬಾರೇ." "ಏನೇ, ಫ್ಯಾನ್ ಹಾಕೇ." ಸ್ವಿಚ್ಚು ಅವರ ತಲೆಯ ಹಿಂದೆಯೇ ಇತ್ತು. ಮೂಲೆಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹೊಲಿಯುತ್ತಿದ್ದವಳು ಎದ್ದು ಬಂದು ಹಾಕುತ್ತಿದ್ದಳು. ಥೂ, ಇದೂ ಒಂದು ಗಂಡಸಾ ಅಂತ ಅವಳ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕುಡಿದ ಚಹಾ ಮಾಸ್ಟ್ರ ತುಟಿಯ ಮೂಲೆಯಿಂದ ಅಂಗಿಯ ಮೇಲೆ ಸುರಿಯಿತು. ಬಲಗೈಯಿಂದ ಕತ್ತರಿ ಜಾರಿತು, ಮಾತು ತೊದಲಿತು. ಅವಳು ಎದುರು ಅಂಗಡಿಯವನನ್ನು ಕೂಗಿ ಕರೆದು, ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದಳು.

"ತಡ ಮಾಡದೆ ಕರ್ಕೊಂಡ್ಬಂದ್ರಿ, ಬಚಾವಾದ್ರು," ಅಂದರು ಡಾಕ್ಟರಮ್ಮ. "ಲಕ್ವ ಸಣ್ಣದಾಗಿ ಹೊಡೆದು ಹೋಗಿದೆ. ಹಗಲೆಲ್ಲ ಹೀಗೇ ಕೂತಿದ್ರೆ ಹೃದಯಕ್ಕೂ ಅಪಾಯ, ಮೆದುಳಿಗೂ ಅಪಾಯ. ಇನ್ನೊಂದು ಸಲ ಹೊಡೆದ್ರೆ ಕತ್ತರಿ ಹಿಡಿಯೋ ಕೈ ಉಳಿಯುತ್ತೆ ಅಂತ ನಾನು ಹೇಳಲಾರೆ. ಮಾತ್ರೆ ತಪ್ಪಿಸಬೇಡಿ. ಕಸರತ್ತೇನೂ ಬೇಡ, ನಿಮ್ಮ ಕೆಲಸಕ್ಕೆ ನೀವೇ ಎದ್ದು ಓಡಾಡಿ. ಮೆಲ್ಲಗೆ ಮೆಟ್ಟಿಲು ಹತ್ತಿ."

"ನಾನೇನು ದಪ್ಪ ಆಗಿದ್ದೀನಾ ಡಾಕ್ಟ್ರೇ? ಮದುವೆಗೆ ಹೊಲಿದ ಪ್ಯಾಂಟು ಇವತ್ತಿಗೂ ಹಿಡಿಸುತ್ತೆ!"

ಮನೆಗೆ ಬಂದದ್ದೇ ಮತ್ತೆ ಕುರ್ಚಿ. ಆ ಪ್ಯಾಂಟು ಒಗೆಯೋಣ ಅಂತ ಅವಳು ಎಂದೂ ಇಲ್ಲದ್ದು ಒಳಮಗ್ಗುಲು ತಿರುಗಿಸಿದಳು. ಅಯ್ಯೋ ಕರ್ಮವೇ! ಎರಡೂ ಪಕ್ಕದಲ್ಲಿ ಅದೇ ಬಣ್ಣದ ತುಂಡು, ತುಂಡಿನ ಪಕ್ಕ ಇನ್ನೊಂದು ತುಂಡು, ಹಿಂದೆ ಅಂಗೈಯಗಲದ್ದು. ಬಿಗಿಯಾದಾಗೆಲ್ಲ ಬಿಚ್ಚಿ ಸೇರಿಸಿದ್ದರು. ಕಂಡವರ ಸೊಂಟಕ್ಕೆಲ್ಲ ಟೇಪು ಹಿಡಿದವರು ತಮ್ಮ ಸೊಂಟ ತಮಗೇ ಗೊತ್ತಾಗದ ಹಾಗೆ ಮಾಡಿಕೊಂಡಿದ್ದರು. ಅಷ್ಟಕ್ಕೂ ಆ ತುಂಡುಗಳಿಗೆ ದಾರ ತಂದುಕೊಟ್ಟವಳು ಯಾರು? ತನ್ನ ಮೇಲೂ ಅವಳಿಗೆ ಹೇಸಿಗೆಯಾಯಿತು. ಕೂತು ಒಂದೊಂದೇ ತುಂಡು ಬಿಚ್ಚಿ, ಪ್ಯಾಂಟನ್ನು ಮೊದಲಿದ್ದ ಅಳತೆಗೆ ಹೊಲಿದಿಟ್ಟಳು.

ಮತ್ತೆ ಆಸ್ಪತ್ರೆಗೆ ತೋರಿಸಲು ಹೋಗಬೇಕಿದ್ದ ದಿನ ಪ್ಯಾಂಟು ಮಾಸ್ಟ್ರ ತೊಡೆ ದಾಟಲಿಲ್ಲ.

"ಒಗೆದು ಒಗೆದು ಕುಗ್ಗಿಸಿದ್ದೀಯಲ್ಲೇ!"

"ಕುಗ್ಗಿಲ್ಲ ರೀ. ನಿಮ್ಮ ತುಂಡುಗಳನ್ನ ಬಿಚ್ಚಿ ಹಾಕಿದೆ."

ಮಾಸ್ಟ್ರ ಮುಖ ಕೆಂಪಗಾಯಿತು. ಆಮೇಲೆ, ನಾಚಿಕೆ ಅನ್ನೋದು ಇದ್ದರೆ ತಾನೇ, "ಆ ತುಂಡುಗಳನ್ನ ಕೊಡಿಲ್ಲಿ. ದಾರ ತಗೊಂಡ್ಬಾ," ಅಂದರು.

"ಎಲ್ಲಾ ಮಹಡಿ ಮೇಲೆ ಇಟ್ಟಿದ್ದೀನಿ. ನಾನು ತರಲ್ಲ."

ಬಟ್ಟೆಯ ಗಂಟು ತುಂಬಿದ ಆ ಮಹಡಿಯ ಮುಖವನ್ನೇ ಅವರು ಮರೆತಿದ್ದರು. ಬೈದರು, ಕೂಗಾಡಿದರು, ಅವಳ ತವರನ್ನೂ ಬಿಡಲಿಲ್ಲ. ಅವಳು ಕಾಜಾ ಹೊಲಿಯುತ್ತಲೇ ಇದ್ದಳು. ಕೊನೆಗೆ ಟವೆಲ್ಲು ಸುತ್ತಿಕೊಂಡು, ಕಂಬಿ ಹಿಡಿದು, ಏದುಸಿರು ಬಿಡುತ್ತ ಮಾಸ್ಟ್ರು ಮೆಟ್ಟಿಲು ಹತ್ತತೊಡಗಿದರು. ನಡುವೆ ನಿಂತು ಸುಧಾರಿಸಿಕೊಂಡರು. ಓಡಿ ಹೋಗಿ ಹಿಡಿಯಬೇಕು ಅನ್ನಿಸಿತು ಅವಳಿಗೆ, ಹಲ್ಲು ಕಚ್ಚಿ ಕೂತಳು. ಹಾಳಾಗ್ಲಿ, ಹೊಟ್ಟೆ ಮುಚ್ಚಿಕೊಳ್ಳೋಕಾದ್ರೂ ಹತ್ತಲಿ.

ಅವರು ದಾರ ಹಿಡಿದು ಇಳಿಯುವಷ್ಟರಲ್ಲಿ ಅವಳು ಮೇಜಿನ ಮೇಲಿನ ಕತ್ತರಿ ಎತ್ತಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ನಾಳೆ ಅದೂ ಮಹಡಿ ಮೇಲೆಯೇ.