ಎಂಜಿನ್ ಆರಿಸಿದ ಮೇಲಿನ ನಾಲ್ಕು ಗಂಟೆ

ಕೋವಿಡ್ ಕಳೆದು ಎರಡನೇ ವರ್ಷ. ಪರ್ಕಳದಲ್ಲಿ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಆಗ ಇಪ್ಪತ್ತೆಂಟು ವರ್ಷ. ಸೆಲ್ಫ್ ಮೋಟಾರು, ವಯರಿಂಗ್, ಬ್ಯಾಟರಿ, ಇಷ್ಟೇ ನನ್ನ ಪ್ರಪಂಚವಾಗಿತ್ತು.

ಶಾಲೆಗಳು ತೆರೆಯುವ ವಾರ, ಹತ್ತಿರದಲ್ಲೇ ಮನೆಯಿದ್ದ ಶಶಿಕಲಾ ಟೀಚರ್ ಬಂದರು. ಕಾಪುವಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವರು. ಬಾಲ್ಯದ ಪೋಲಿಯೋದಿಂದ ಅವರ ಬೆನ್ನುಮೂಳೆ ಬಾಗಿತ್ತು. ಕೋವಿಡ್ ನಂತರ ಶ್ವಾಸಕೋಶವೂ ಸೋತಿತ್ತು. ಮಾಸ್ಕಿನ ಮೂಲಕ ಗಾಳಿಯನ್ನು ಒಳಗೆ ತಳ್ಳುವ ಬೈಪ್ಯಾಪ್ ಯಂತ್ರವಿಲ್ಲದೆ ಇಪ್ಪತ್ತು ನಿಮಿಷ ಕಳೆಯುವುದೂ ಕಷ್ಟ. ಆ ಯಂತ್ರಕ್ಕೆ ಸ್ವಂತ ಬ್ಯಾಟರಿ ಇರಲಿಲ್ಲ.

"ಮನೆಯಲ್ಲಿ ಕರೆಂಟ್ ಉಂಟು, ಶಾಲೆಯಲ್ಲಿ ಯುಪಿಎಸ್ ಉಂಟು. ನಡುವಿನ ಮುಕ್ಕಾಲು ಗಂಟೆಗೆ ಎಂತ ಮಾಡುವುದು ಹೇಳಿ, ವಿಠಲಣ್ಣ" ಎಂದರು.

ವ್ಯಾನ್ ಓಡಿಸುತ್ತಿದ್ದ ಅವರ ತಮ್ಮ ಸದಾನಂದನಿಗೆ ಇದು ಇಷ್ಟವಿರಲಿಲ್ಲ. "ಸ್ವಯಂ ನಿವೃತ್ತಿಯ ಅರ್ಜಿಯನ್ನು ಶಾಲೆಯವರೇ ಟೈಪ್ ಮಾಡಿ ಕಳಿಸಿದ್ದಾರೆ. ಅಕ್ಕ ಸಹಿ ಹಾಕಿದರೆ ಮುಗಿಯಿತು."

"ಮನೆಯಲ್ಲಿ ಕೂತರೂ ಉಸಿರಾಡಲೇಬೇಕಲ್ವಾ? ಶಾಲೆಯಲ್ಲೇ ಕೂತು ಉಸಿರಾಡುತ್ತೇನೆ" ಎಂದರು ಟೀಚರ್.

ವ್ಯಾನ್ ಮಾರಿದವರು ವಯರ್ ಮುಟ್ಟಿದರೆ ವಾರಂಟಿ ಇಲ್ಲ ಎಂದಿದ್ದರು. ಯಂತ್ರ ಮಾರಿದವರು ಗಾಡಿಯಲ್ಲಿ ಬಳಸುವ ಮಾತೇ ಬೇಡ ಎಂದಿದ್ದರು. ಮಣಿಪಾಲದ ವೈದ್ಯರು ಮಾತ್ರ, ಕರೆಂಟ್ ಕೈಕೊಡಬಾರದು, ಅಷ್ಟು ಖಾತ್ರಿಯಾದರೆ ಹೋಗಲಿ ಎಂದಿದ್ದರು.

ಮೊದಲ ಸಲ ನಾನು ಮಾಡಿದ್ದು ತಪ್ಪು ಕೆಲಸ. ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೆ ಸಣ್ಣ ಇನ್ವರ್ಟರ್ ಸಿಕ್ಕಿಸಿ, ಟೀಚರನ್ನು ಕೂರಿಸಿ, ಕೀಲಿ ತಿರುಗಿಸಲು ಸದಾನಂದನಿಗೆ ಹೇಳಿದೆ. ಎಂಜಿನ್ ಸ್ಟಾರ್ಟ್ ಆಗುವ ಹೊತ್ತಿಗೆ ಸೆಲ್ಫ್ ಮೋಟಾರು ಬ್ಯಾಟರಿಯನ್ನು ಒಮ್ಮೆಗೇ ಹೀರುತ್ತದೆ. ವೋಲ್ಟೇಜ್ ಕುಸಿಯಿತು, ಇನ್ವರ್ಟರ್ ಟ್ರಿಪ್ ಆಯಿತು, ಯಂತ್ರ ಕೂಗಿಕೊಂಡು ನಿಂತಿತು. ಮಾಸ್ಕ್ ತೆಗೆದು, ಯಂತ್ರವನ್ನು ಅಂಗಡಿಯ ಪ್ಲಗ್ಗಿಗೆ ಜೋಡಿಸುವಷ್ಟರಲ್ಲಿ ಅವರ ತುಟಿ ಕಪ್ಪಿಡತೊಡಗಿತ್ತು.

"ಸಾಕು ಮಾರಾಯ್ರೆ, ಇದು ಆಗುವ ಕೆಲಸ ಅಲ್ಲ" ಎಂದ ಸದಾನಂದ.

ಟೀಚರ್ ಸುಧಾರಿಸಿಕೊಂಡು ಹೇಳಿದರು: "ಒಂದು ಲೆಕ್ಕ ತಪ್ಪಿದರೆ ಪುಸ್ತಕ ಮುಚ್ಚಿ ಅಂತ ನಾನು ಮಕ್ಕಳಿಗೆ ಹೇಳುವುದಿಲ್ಲ. ಪುನಃ ಮಾಡಿ."

ಹನ್ನೊಂದು ದಿನ ಹಿಡಿಯಿತು. ಹಿಂದಿನ ಸೀಟಿನ ಕೆಳಗೆ ಅರವತ್ತೈದು ಆಂಪಿಯರ್-ಗಂಟೆ ಸಾಮರ್ಥ್ಯದ ಎರಡನೇ ಬ್ಯಾಟರಿ ಕೂರಿಸಿದೆ. ಆಸಿಡ್ ಹೊಗೆ ಅವರ ಹತ್ತಿರ ಸುಳಿಯಬಾರದೆಂದು ಸೀಲ್ಡ್ ಬ್ಯಾಟರಿಯನ್ನೇ ಆರಿಸಿದೆ. ಎರಡೂ ಬ್ಯಾಟರಿಗಳ ನಡುವೆ ಒಂದು ರಿಲೇ: ಎಂಜಿನ್ ಓಡುವಾಗ ಅವನ್ನು ಕೂಡಿಸಿ ಚಾರ್ಜ್ ಮಾಡುತ್ತದೆ, ಎಂಜಿನ್ ನಿಂತರೆ ಬೇರ್ಪಡಿಸುತ್ತದೆ. ಸೆಲ್ಫ್ ಮೋಟಾರು ಇನ್ನು ಅವರ ಪಾಲಿನ ಕರೆಂಟಿಗೆ ಕೈಹಾಕುವಂತಿರಲಿಲ್ಲ. ಎರಡೂ ತುದಿಗೆ ಫ್ಯೂಸ್, ದಪ್ಪ ವಯರ್. ಇನ್ವರ್ಟರ್ ಕಿತ್ತು, ಬ್ಯಾಟರಿಯ ಹನ್ನೆರಡು ವೋಲ್ಟನ್ನು ನೇರವಾಗಿ ಯಂತ್ರಕ್ಕೆ ಬೇಕಾದ ಇಪ್ಪತ್ನಾಲ್ಕು ಮಾಡುವ ಕನ್ವರ್ಟರ್ ಹಾಕಿದೆ.

ಆಮೇಲೆ ಬಾಡಿಗೆಗೆ ತಂದ ಅಂಥದೇ ಯಂತ್ರ ಜೋಡಿಸಿ, ಹೊಸ ಮಾಸ್ಕ್ ನಾನೇ ಕಟ್ಟಿಕೊಂಡು, ಎಂಜಿನ್ ಆರಿಸಿದ ವ್ಯಾನಿನಲ್ಲಿ ಒಂದು ಭಾನುವಾರ ಆರು ಗಂಟೆ ಕೂತೆ. ದಾರಿಹೋಕರು ನಕ್ಕರು. ಯಂತ್ರ ನಿಲ್ಲಲಿಲ್ಲ.

ಟೀಚರ್ ಶಾಲೆಗೆ ಹೋಗತೊಡಗಿದರು. ಮೂರನೇ ವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸದಾನಂದನ ಫೋನ್. ಕಾಪು ಹತ್ತಿರ ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿತ್ತು. ಎರಡು ಕಿಲೋಮೀಟರ್ ಹಿಂದೆಯೇ ವಾಹನಗಳನ್ನು ತಡೆದು ಎಂಜಿನ್ ಆರಿಸಲು ಪೊಲೀಸರು ಹೇಳಿದ್ದರು. ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ಡಿವೈಡರ್.

"ನಿಮ್ಮ ಮಾತು ಕೇಳಿ ಹೊರಟದ್ದೇ ತಪ್ಪಾಯ್ತು" ಎಂದ.

"ಆರು ಗಂಟೆ ಬರ್ತದೆ. ನಾನೇ ಕೂತು ನೋಡಿದ್ದೇನೆ" ಎಂದೆ. ಆದರೂ ಹನ್ನೊಂದಾದರೂ ದಾರಿ ಬಿಡದಿದ್ದಾಗ ಮನಸ್ಸು ತಡೆಯಲಿಲ್ಲ. ಚಾರ್ಜ್ ಇದ್ದ ಇನ್ನೊಂದು ಬ್ಯಾಟರಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಒಳರಸ್ತೆಗಳನ್ನು ಹಿಡಿದೆ. ಅಲ್ಲೂ ವಾಹನಗಳ ಜಂಗುಳಿ. ಕೊನೆಯ ಒಂದು ಕಿಲೋಮೀಟರ್ ಬ್ಯಾಟರಿ ಹೊತ್ತು ನಡೆದು ವ್ಯಾನ್ ತಲುಪಿದಾಗ ಹನ್ನೆರಡೂವರೆ.

ಟೀಚರ್ ಮಾಸ್ಕ್ ಹಾಕಿಕೊಂಡೇ ಕೆಂಪು ಪೆನ್ನಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಮೀಟರ್ ಹಚ್ಚಿದೆ. ಹನ್ನೆರಡೂವರೆ ವೋಲ್ಟ್, ಅಂದರೆ ಚಾರ್ಜ್ ಅರ್ಧಕ್ಕಿಂತ ಎಷ್ಟೋ ಮೇಲೆ. ಹೊತ್ತು ತಂದ ಬ್ಯಾಟರಿ ಬೇಕಾಗಿರಲಿಲ್ಲ.

"ನಿಮ್ಮ ಲೆಕ್ಕದ ಮೇಲೆ ನಿಮಗೇ ನಂಬಿಕೆ ಇಲ್ವಾ?" ಎಂದರು, ಮಾಸ್ಕಿನ ಒಳಗಿನಿಂದ.

ಒಂದು ಗಂಟೆಗೆ ದಾರಿ ಬಿಟ್ಟರು. ಸದಾನಂದ ಯು-ಟರ್ನಿನತ್ತ ಇಂಡಿಕೇಟರ್ ಹಾಕಿದ.

"ಎಲ್ಲಿಗೆ?"

"ಮನೆಗೆ, ಅಕ್ಕ. ಇವತ್ತಿಗೆ ಇಷ್ಟು ಸಾಕು."

"ಕೊನೆಯ ಎರಡು ಪೀರಿಯಡ್ ನನ್ನದು. ನೇರ ಹೋಗು."

ಅವನು ನನ್ನ ಮುಖ ನೋಡಿದ. ನಾನು ಮೀಟರಿನ ವಯರ್ ಸುತ್ತಿಡುತ್ತಿದ್ದೆ. ಅವನು ಇಂಡಿಕೇಟರ್ ಆರಿಸಿ ನೇರ ನಡೆಸಿದ.

ಟೀಚರ್ ಅರವತ್ತು ತುಂಬುವವರೆಗೆ ಕಲಿಸಿಯೇ ಕಳೆದ ವರ್ಷ ನಿವೃತ್ತರಾದರು. ನಾನೂ ಅಂಗಡಿ ಬಿಟ್ಟುಕೊಟ್ಟಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಇದು: "ಆಗುವುದಿಲ್ಲ" ಎಂದವರಲ್ಲಿ ಹೆಚ್ಚಿನವರು ಅಳತೆ ಮಾಡಿ ಹೇಳಿದವರಲ್ಲ. ಎಷ್ಟು ಆಂಪಿಯರ್, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂದು ಕೇಳಿ, ಅಳೆದು, ಆಮೇಲೂ ಆಗದಿದ್ದರೆ ಒಪ್ಪಿಕೊಳ್ಳುತ್ತೇನೆ. ಅದಕ್ಕೂ ಮೊದಲು ಒಪ್ಪುವುದಿಲ್ಲ.