ಮೂರು ಹೆಸರು, ಹದಿಮೂರು ಗುರುವಾರ

ಜನವರಿ ಆರು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಗುರುಬಂಧುಗಳೇ, ನನ್ನ ಸಂಕಟ ಶುರುವಾದದ್ದು ಆ ಹೊತ್ತಿಗೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ನಾನು ದಿನಚರಿ ಬರೆಯುವವನು. ನಮ್ಮೂರು ಮಾದನಹಿಪ್ಪರಗಾ. ಆಳಂದದ ಒಂದು ದಾಲ್ ಮಿಲ್ಲಿನಲ್ಲಿ ಕೆಲಸ. ಬಂದ ತೊಗರಿ ಚೀಲಕ್ಕೆ ಕೊಳವೆ ಚುಚ್ಚಿ ಕಾಳು ತೆಗೆದು, ತೇವ ಎಷ್ಟಿದೆಯೆಂದು ನೋಡಿ ಬರೆದಿಡಬೇಕು. ಎಣಿಸುವುದು, ಬರೆಯುವುದು ನನ್ನ ಕೈಗೆ ಅಂಟಿಬಿಟ್ಟಿವೆ.

ಆ ಸೋಮವಾರ ಚೀಲ ಇಳಿಸುತ್ತಿದ್ದ ಖಜೂರಿ ಕಡೆಯ ಲಾರಿ ಕ್ಲೀನರ್ ಒಬ್ಬ, ಮೊದಲು ನಮ್ಮ ಮಿಲ್ಲಿನಲ್ಲಿದ್ದ ಸುವರ್ಣಾಳ ಮಾತು ತೆಗೆದ.

“ಆಕಿ ಗಂಡ ನಮ್ಮ ಲೈನಿನಾಂವರಿ, ಡ್ರೈವರ್. ಭಾಳ ದಿನ ಹಾಸಿಗಿ ಹಿಡದು ಸತ್ತ. ಯಾತರಿಂದ ಸತ್ತಾನೋ ಏನೋ. ಡ್ರೈವರ್ ಮಂದಿದು ನಿಮಗ ಗೊತ್ತದಲ್ಲ.”

ಅವನು ಬೀಡಿ ಹಚ್ಚಿಕೊಂಡು ಹೋದ. ನನ್ನ ಕೈಯಲ್ಲಿದ್ದ ಕೊಳವೆ ಅಲ್ಲೇ ನಿಂತಿತು.

ಸುವರ್ಣಾ ಈಗ ಜೇವರ್ಗಿಯಲ್ಲಿ ತವರುಮನೆಯ ಹತ್ತಿರವೇ ಒಂದು ಖೋಲಿ ಹಿಡಿದು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಎರಡು ವರ್ಷದಿಂದ ನಮ್ಮಿಬ್ಬರ ಮನಸ್ಸು ಕೂಡಿತ್ತು. ಡಿಸೆಂಬರ್ ಇಪ್ಪತ್ತೊಂಬತ್ತು, ಭಾನುವಾರ ಮಧ್ಯಾಹ್ನ, ಅವಳ ಮನೆಯಲ್ಲಿ ನಾವು ಮೊದಲ ಸಲ ಒಂದಾದೆವು. ಕಾಂಡೋಮ್ ಬಳಸಿದ್ದೆವು, ಅದು ಹರಿದಿರಲಿಲ್ಲ. ಮದುವೆಗೆ ಮೊದಲೇ ಹೀಗೆಯೇ ಎಂದು ಓದುವವರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಇದನ್ನು ಮುಚ್ಚಿಟ್ಟು ಗುರುವಿನ ಕೃಪೆಯನ್ನು ಮಾತ್ರ ಬರೆದರೆ ಅರ್ಧ ಬರೆದಂತೆ. ಅವಳ ಹೆಸರು ಹಾಕಲು ಅವಳ ಒಪ್ಪಿಗೆ ಇದೆ.

ಕ್ಲೀನರನ ಮಾತು ಕೇಳಿದ ಆ ಸೋಮವಾರದಿಂದ ನನಗೆ ಒಂದೇ ಯೋಚನೆ: ಎಚ್‌ಐವಿ. ಫೋನಿನಲ್ಲಿ ಹುಡುಕಿ ಓದಿದೆ. ಓದಿದಷ್ಟೂ ಗಂಟಲು ಕೆರೆಯಿತು. ಥರ್ಮಾಮೀಟರ್ ತಂದು ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆಯತೊಡಗಿದೆ. ಒಟ್ಟು ನೂರಾ ಎಪ್ಪತ್ತೊಂದು ಸಲ ನೋಡಿದೆ, ಒಂದು ಸಲವೂ ಜ್ವರ ಇರಲಿಲ್ಲ. ನಮ್ಮವ್ವ ಕೇಳಿದಳು: “ಜ್ವರ ಇಲ್ಲದಾಂವಗ ಅದನ್ನ ಬಾಯಾಗ ಇಟಗೊಳ್ಳೋ ಚಟ ಯಾಕೋ? ಅದರ ಬದಲಿ ಒಂದ ರೊಟ್ಟಿ ಇಟಗೋ.”

ಸುವರ್ಣಾ ಫೋನ್ ಮಾಡಿದರೆ ಎತ್ತಲಾಗಲಿಲ್ಲ. ಏನೆಂದು ಕೇಳಲಿ? ಕೇಳದೆ ಹೇಗೆ ಮಾತಾಡಲಿ? ಫೋನ್ ಅಂಗಾತ ಇಟ್ಟರೆ ಅವಳ ಹೆಸರು ಮಿನುಗುತ್ತದೆಂದು ಬೋರಲು ಹಾಕಿ ಇಡುತ್ತಿದ್ದೆ.

ನಮ್ಮ ಮನೆಯಲ್ಲಿ ಹಿಂದಿನಿಂದಲೂ ದತ್ತ ಮಹಾರಾಜರ ಭಕ್ತಿ. ಹದಿಮೂರು ಗುರುವಾರ ಗಾಣಗಾಪುರಕ್ಕೆ ಹೋಗಿ ಮಧುಕರಿ ಬೇಡುತ್ತೇನೆಂದು ಹರಕೆ ಹೊತ್ತೆ. ಮಧ್ಯಾಹ್ನ ಐದು ಮನೆಯ ಮುಂದೆ ನಿಂತು ಭಿಕ್ಷೆ ಕೇಳಿ, ಬಂದದ್ದನ್ನು ಪ್ರಸಾದವೆಂದು ಉಣ್ಣುವುದು ಅಲ್ಲಿಯ ಪದ್ಧತಿಯೆಂದು ನಿಮಗೆ ಗೊತ್ತೇ ಇದೆ. ದತ್ತನೂ ಆ ಹೊತ್ತಿಗೆ ಯಾವುದೋ ವೇಷದಲ್ಲಿ ಬಂದು ಬೇಡುತ್ತಾನೆಂಬ ನಂಬಿಕೆಯಿಂದ ಊರಿನವರು ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಮಿಲ್ಲಿನಲ್ಲಿ ಭಾನುವಾರದ ರಜೆಯನ್ನು ಗುರುವಾರಕ್ಕೆ ಬದಲಿಸಿಕೊಂಡೆ. ಜನವರಿ ಒಂಬತ್ತು ಮೊದಲನೆಯದು.

ನಾನು ಭಿಕ್ಷೆಯನ್ನೂ ಬರೆದಿಡುತ್ತಿದ್ದೆ. ಮನೆ ಒಂದು, ರೊಟ್ಟಿ ಅರ್ಧ. ಮನೆ ಎರಡು, ಅನ್ನ ಒಂದು ಹಿಡಿ. ಮೂರನೆಯ ಗುರುವಾರ, ಐದನೆಯ ಮನೆಯ ಅಜ್ಜಿ ರೊಟ್ಟಿ ಹಿಡಿದುಕೊಂಡೇ ನಿಂತಳು.

“ಏ ತಮ್ಮಾ, ಭಿಕ್ಷಾ ಬೇಡಾಕ ಬಂದೀಯೋ, ಜನಗಣತಿ ಮಾಡಾಕ ಬಂದೀಯೋ?”

“ಲೆಕ್ಕ ಇರಲಿ ಅಂತ, ಅಜ್ಜೀ.”

“ನಾವು ನಿನ್ನ ಹೆಸರ ಕೇಳೀವೇನು? ಯಾವ ಊರು, ಯಾರ ಮಗ, ಹಿಂದ ಏನ್ ಮಾಡೀದಿ ಅಂತ ಕೇಳೀವೇನು? ಕೇಳಕೋತ ಕುಂತ್ರ ಇಲ್ಲಿ ಯಾರಿಗೂ ರೊಟ್ಟಿ ಸಿಗೂದಿಲ್ಲ. ಜೋಳಿಗಿ ಹಿಡಿ.”

ಈ ಮಾತನ್ನೂ ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ, ತಿಳಿದುಕೊಳ್ಳಲಿಲ್ಲ.

ಪರೀಕ್ಷೆಯ ಕತೆ ಬೇರೆ. ಜನವರಿ ಇಪ್ಪತ್ತರಂದು ಊಟದ ಬಿಡುವಿನಲ್ಲಿ ಆಳಂದದ ಸರಕಾರಿ ಆಸ್ಪತ್ರೆಗೆ ಹೋದೆ. ಹೆಸರು ಶಿವಾನಂದ ಎಂದು ಹೇಳಿದೆ. ನನ್ನ ನಿಜವಾದ ಹೆಸರು ದತ್ತಪ್ಪ. ಆ ಹೆಸರನ್ನು ಆ ಪಟ್ಟಿಯಲ್ಲಿ ಬರೆಸಲು ಮನಸ್ಸಾಗಲಿಲ್ಲ. ಆಪ್ತಸಮಾಲೋಚನೆಯ ಕೊಠಡಿಯಲ್ಲಿದ್ದ ಮೇಡಂ ಕೇಳಿದರು: “ಯಾವತ್ತ ಆಗಿದ್ದುರಿ?”

ಮೂರು ವಾರದ ಹಿಂದೆ ಎಂದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳಿಯಾರೆಂಬ ನಾಚಿಕೆ. “ಹೋದ ಭಾನುವಾರರಿ,” ಎಂದೆ.

“ಕಾಂಡೋಮ್ ಹರದಿತ್ತೇನು?”

“ಇಲ್ರಿ.”

“ಹಂಗಾರ ಅಪಾಯ ಇಲ್ಲ ಅನ್ನೋವಷ್ಟು ಕಮ್ಮಿ. ಫಿಕರ್ ಮಾಡಬ್ಯಾಡ್ರಿ.” ರಕ್ತ ಕೊಟ್ಟು ಬಂದ ಮೇಲೆ ಮತ್ತೆ ಕರೆದು ಹೇಳಿದರು: “ಇವತ್ತಿನ ರಿಪೋರ್ಟ್ ನೆಗೆಟಿವ್ ಬಂದದ. ಮನಸ್ಸಿಗೆ ಸಮಾಧಾನ ಬೇಕಂದ್ರ ಆ ಭಾನುವಾರದಿಂದ ಮೂರು ತಿಂಗಳಿಗೆ ಇನ್ನೊಮ್ಮೆ ಬರ್ರಿ. ಅದ ಕಡೀದು.”

ಅಪಾಯ ಕಮ್ಮಿ ಎಂಬುದು ನನ್ನ ಕಿವಿಗೆ ಬೀಳಲೇ ಇಲ್ಲ. ಮೂರು ತಿಂಗಳು ಎಂಬುದು ಮಾತ್ರ ಬಿತ್ತು.

ಆರನೆಯ ಗುರುವಾರ, ಫೆಬ್ರುವರಿ ಹದಿಮೂರು. ಭಿಕ್ಷೆ ಮುಗಿಸಿ, ಸುವರ್ಣಾಳನ್ನು ಕಂಡು ಎಲ್ಲ ಹೇಳಿಬಿಡೋಣವೆಂದು ಜೇವರ್ಗಿಯ ಬಸ್ಸು ಹತ್ತಿದೆ. ಅವಳ ಓಣಿಯ ತನಕ ಹೋದೆ. ಹೊಲಿಗೆ ಮಷಿನ್ ಸದ್ದು ಕೇಳಿದ್ದೇ ಹಿಂದೆ ಸರಿದೆ. ತಿರುಗಿ ಅಲ್ಲಿಯ ಆಸ್ಪತ್ರೆಗೆ ಹೋಗಿ ಸೂರ್ಯಕಾಂತ ಎಂದು ಬರೆಸಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ “ಸೂರ್ಯಕಾಂತ, ಸೂರ್ಯಕಾಂತ” ಎಂದು ಕೂಗಿದರು. ಯಾರೂ ಏಳಲಿಲ್ಲ. ಪಕ್ಕದಲ್ಲಿದ್ದ ಮುದುಕರೊಬ್ಬರು, “ಎಲ್ಲಿ ಹಾಳಾಗಿ ಹೋದ್ನೋ ಈ ಸೂರ್ಯಕಾಂತ,” ಎಂದು ಗೊಣಗಿದರು. ನಾನೂ ಅವರ ಜೊತೆ ಅತ್ತಿತ್ತ ನೋಡಿ ಹುಡುಕಿದೆ. ನಾಲ್ಕನೆಯ ಸಲ ಕೂಗಿದಾಗ ನೆನಪಾಯಿತು.

ಅಲ್ಲಿಯೂ “ಹೋದ ಭಾನುವಾರ” ಎಂದೆ. ಅಲ್ಲಿಯೂ ನೆಗೆಟಿವ್, ಅಲ್ಲಿಯೂ ಮೂರು ತಿಂಗಳು. ಹೀಗೆ ನನ್ನ ದಿನಚರಿಯಲ್ಲಿ ಶಿವಾನಂದನ ಕೊನೆಯ ಪರೀಕ್ಷೆ ಏಪ್ರಿಲಿಗೆ, ಸೂರ್ಯಕಾಂತನದು ಮೇ ತಿಂಗಳಿಗೆ ಎಂದು ಎರಡು ಪುಟಗಳಾದವು. ದತ್ತಪ್ಪನಿಗೆ ಪುಟವೇ ಇರಲಿಲ್ಲ. ನಾನೇ ಹೇಳಿದ ಸುಳ್ಳು ತಾರೀಖುಗಳೆಂದು ನನಗೆ ಗೊತ್ತಿತ್ತು. ಆದರೂ ಆಸ್ಪತ್ರೆಯ ಚೀಟಿಯಲ್ಲಿ ಬರೆದದ್ದೇ ದೊಡ್ಡದಾಗಿ ಕಂಡಿತು. ಹೆದರಿದವನು ಯಾವಾಗಲೂ ದೂರದ ತಾರೀಖನ್ನೇ ನಂಬುತ್ತಾನೆ. ಫೆಬ್ರುವರಿ ಕೊನೆಯ ಹೊತ್ತಿಗೆ ಸುವರ್ಣಾಳ ಫೋನ್ ಬರುವುದು ನಿಂತುಹೋಯಿತು. ರೋಗ ಇದ್ದರೂ ಇಲ್ಲದಿದ್ದರೂ ಅವಳನ್ನು ಕಳೆದುಕೊಂಡೆ ಎಂದು ಆ ವಾರ ದಿನಚರಿಯಲ್ಲಿ ಬರೆದೆ. ಎಣಿಸಲು ಏನೂ ಇಲ್ಲದ ಸಾಲು ಅದೊಂದೇ.

ಏಪ್ರಿಲ್ ಮೂರು, ಹದಿಮೂರನೆಯ ಗುರುವಾರ. ನಮ್ಮೂರಿನಿಂದ ಹೊರಟ ಬಸ್ಸು ದಾರಿಯಲ್ಲಿ ಪಂಕ್ಚರ್ ಆಯಿತು. ಅಫಜಲಪುರ ಮುಟ್ಟಿದಾಗ ಹತ್ತಕ್ಕೆ ಹತ್ತು ನಿಮಿಷ ಕಮ್ಮಿ. ಗಾಣಗಾಪುರದ ಬಸ್ಸು ಹೋಗಿಬಿಟ್ಟಿತ್ತು. ಅದರ ನಂತರದ್ದು ತುಂಬಿಕೊಂಡು ಬಂದು ನಿಲ್ಲದೆ ಹೋಯಿತು. ಕಡೆಯ ಗುರುವಾರವೇ ಹೀಗಾಯಿತಲ್ಲ ಎಂದು ಗುರುವಿನ ಮೇಲೆ ಸಿಟ್ಟು ಬಂತು. ಹೊತ್ತು ಹೋಗಲೆಂದು ಅಲ್ಲಿಯ ಆಸ್ಪತ್ರೆಗೆ ಹೋದೆ. ಈ ಸಲ ಮಹೇಶ.

ಕೊಠಡಿಯೊಳಗೆ ಕಾಲಿಟ್ಟೆ. ಮೇಜಿನ ಹಿಂದೆ ಆಳಂದದ ಅದೇ ಮೇಡಂ.

ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು. “ಮಹೇಶ ಅನ್ರಿ? ಆಳಂದದಾಗ ಶಿವಾನಂದ ಇದ್ರಿ.”

“ನೀವು ಇಲ್ಲಿ ಹ್ಯಾಂಗ್ರಿ?” ಎಂದೆ.

“ಇಲ್ಲಿ ಮೇಡಂ ರಜಾ ಅದಾರ. ಇವತ್ತೊಂದ ದಿನ ನನ್ನ ಕಳಿಸ್ಯಾರ. ಬಾಗಲಾ ಮುಚ್ಚಿ ಕುಂದರ್ರಿ. ಇಲ್ಲಿ ಆಡಿದ್ದು ಇಲ್ಲೇ ಇರ್ತದ. ಇನ್ನೂ ಎಷ್ಟ ಹೆಸರ ಅದಾವ?”

“ಇನ್ನೊಂದರಿ. ಜೇವರ್ಗಿಯೊಳಗ.”

ಅವರು ನಕ್ಕುಬಿಟ್ಟರು. ಆ ನಗು ಕೇಳಿ ನನಗೆ ಅಳು ಬಂತು. ಚೀಲದಿಂದ ದಿನಚರಿ ತೆಗೆದು ಮುಂದಿಟ್ಟೆ. ಮಿಲ್ಲಿನ ತೊಗರಿಯ ಪುಟ, ಜ್ವರದ ಪುಟ, ನನ್ನ ತೂಕದ ಪುಟ, ಭಿಕ್ಷೆಯ ಪುಟ, ಎಲ್ಲವನ್ನೂ ತಿರುವಿ ನೋಡಿದರು. ಡಿಸೆಂಬರ್ ಇಪ್ಪತ್ತೊಂಬತ್ತರ ಮೇಲೆ ಬೆರಳಿಟ್ಟರು.

“ಖರೆ ತಾರೀಖು ಇದೇನ್ರಿ?”

“ಹೌದ್ರಿ.”

“ಅದರ ಮ್ಯಾಲ ಬ್ಯಾರೆ ಏನರ?”

“ಇಲ್ರಿ. ಅದೊಂದೇ.”

ಅವರು ಕ್ಯಾಲೆಂಡರ್ ತೆಗೆದು ಎಣಿಸಿದರು. “ಇವತ್ತಿಗೆ ತೊಂಬತ್ತೈದು ದಿನ. ಮೂರು ತಿಂಗಳು ಮುಗದದ. ಮೂರು ಹೆಸರಿಗೆ ಮೂರು ಸಲ ಶುರು ಮಾಡೀರಿ, ಒಂದೂ ಮುಗಿಸಿಲ್ಲ. ನೀವು ತೊಗರಿ ಚೀಲಕ್ಕ ಎಷ್ಟ ಸಲ ಚುಚ್ಚತೀರಿ?”

“ಮ್ಯಾಲ, ನಡಕ, ಕೆಳಗ. ಮೂರು ಸಲರಿ.”

“ಒಣಗೇದ ಅಂತ ಗೊತ್ತಾದ ಮ್ಯಾಲ ಮತ್ತ ಚುಚ್ಚಿದ್ರ?”

“ಚೀಲ ಹರೀತದರಿ.”

“ಹಾಂ. ಈಗ ಹೆಸರ ಹೇಳ್ರಿ. ಖರೇದು.”

“ದತ್ತಪ್ಪ.”

ಗುರುವಾರ, ಗುರುವಿನ ಹೆಸರು. ಮೊದಲ ಸಲ ಆ ಹೆಸರಿಗೆ ರಕ್ತ ಕೊಟ್ಟೆ. ಹನ್ನೆರಡೂ ಕಾಲಿಗೆ ಕರೆದರು. ನೆಗೆಟಿವ್. “ಇದು ಕಡೀದು. ಇನ್ನ ಯಾವ ಆಸ್ಪತ್ರಿಗೂ ಈ ಸಲುವಾಗಿ ಹೋಗಬ್ಯಾಡ್ರಿ. ಒಂದ ಮಾತು, ಪಾಸಿಟಿವ್ ಇದ್ದಿದ್ರೂ ದಿನಾ ಗುಳಿಗಿ ತಗೊಂಡು ಎಲ್ಲರಂಗ ಸಂಸಾರ ಮಾಡೋ ಮಂದಿ ನಮ್ಮಲ್ಲಿ ಅದಾರ. ನಿಮ್ಮನ್ನ ತಿಂದದ್ದು ರೋಗ ಅಲ್ಲ, ಹೆದರಿಕಿ.” ಆಮೇಲೆ ಕೇಳಿದರು, “ಆಕಿಗೆ ಕೇಳೀರೇನು?”

“ಇಲ್ರಿ.”

“ಎಲ್ಲಾರಿಗೂ ಕೇಳೀರಿ, ಆಕಿಗೆ ಬಿಟ್ಟು.”

ಆಗ ಗಾಣಗಾಪುರದ ಅಜ್ಜಿಯ ಮಾತು ನನಗೆ ತಿಳಿಯಿತು. ಹೆಸರು ಕೇಳದೆ, ಹಿಂದಿನದು ಕೇಳದೆ ಆ ಊರು ನನಗೆ ಹನ್ನೆರಡು ವಾರ ಅನ್ನ ಹಾಕಿತ್ತು. ನಾನು ಒಬ್ಬ ಕ್ಲೀನರನ ಮಾತು ಹಿಡಿದು ಅವಳ ಹಿಂದಿನದನ್ನೆಲ್ಲ ಮನಸ್ಸಿನಲ್ಲೇ ವಿಚಾರಣೆ ಮಾಡಿದ್ದೆ.

ಗಾಣಗಾಪುರ ಮುಟ್ಟಿದಾಗ ಎರಡೂವರೆ. ಭಿಕ್ಷೆಯ ಹೊತ್ತು ಮೀರಿತ್ತು. ದರ್ಶನ ಮಾಡಿ ಸೀದಾ ಅಜ್ಜಿಯ ಮನೆಗೆ ಹೋದೆ.

“ಇವತ್ತ ನಾಕ ಮನಿ ಬಿಟ್ಟು ನನ್ನ ಮನೀಗೇ ಬಂದೇನು?” ಎಂದಳು. ಉಳಿದದ್ದನ್ನು ತಂದು ಹಾಕಿದಳು. ಎಷ್ಟು ರೊಟ್ಟಿ ಎಂದು ನನ್ನ ದಿನಚರಿಯಲ್ಲಿಲ್ಲ. ಬರೆಯಲು ಮರೆತೆ.

ಅಂದೇ ಸಂಜೆ ಜೇವರ್ಗಿಗೆ ಹೋದೆ. ಸುವರ್ಣಾ ನೀಲಿ ಲಂಗಗಳ ರಾಶಿಯ ನಡುವೆ ಕೂತಿದ್ದಳು. ತಲೆ ಎತ್ತಲಿಲ್ಲ. ನಾನು ನಿಂತಲ್ಲೇ ಎಲ್ಲ ಹೇಳಿದೆ. ದಿನಚರಿ ಕೊಟ್ಟೆ. ಮಷಿನ್ ನಿಲ್ಲಿಸಿ ಓದಿದಳು.

“ಆತಗ ಕಾಮಾಲಿ ಆಗಿತ್ತು,” ಎಂದಳು. “ಮಂದಿ ಮಾತ ಕೇಳಿ ನಾನೂ ಹೆದರಿದ್ದೆ. ಟೆಸ್ಟ್ ಮಾಡಿಸಿದೆ. ಏನೂ ಇಲ್ಲ. ಒಂದ ಹೆಸರು, ಒಂದ ಆಸ್ಪತ್ರಿ. ನೀ ಕೇಳಿದ್ರ ಒಂದ ಮಿನಿಟಿನ್ಯಾಗ ಹೇಳತಿದ್ದೆ.”

“ತಪ್ಪಾತು.”

“ಜ್ವರ ನೂರಾ ಎಪ್ಪತ್ತೊಂದು ಸಲ ನೋಡೀದಿ. ನನ್ನ ಫೋನ್ ಎಷ್ಟ ಸಲ ಬಂತು, ಎಲ್ಲಿ ಬರದೀದಿ?”

ಬರೆದಿರಲಿಲ್ಲ.

“ನಾ ಎಣಸೀನಿ. ಇಪ್ಪತ್ತಾರು.” ಅವಳ ಕಣ್ಣು ತುಂಬಿತ್ತು. ಮತ್ತೆ ಲಂಗ ಕೈಗೆತ್ತಿಕೊಂಡಳು. “ಈಗ ಊರಿಗೆ ಹೋಗು. ಇಪ್ಪತ್ತಾರು ಸಲ ಫೋನ್ ಮಾಡು, ನಾ ಎತ್ತೂದಿಲ್ಲ. ಇಪ್ಪತ್ತೇಳನೇದಕ್ಕ ನೋಡೂಣು.”

ದಿನಕ್ಕೆ ಎರಡರಂತೆ ಮಾಡಿದೆ. ಈ ಎಣಿಕೆಯಷ್ಟು ಸಂತೋಷದ ಎಣಿಕೆಯನ್ನು ನಾನು ಮಾಡಿದ್ದಿಲ್ಲ. ಇಪ್ಪತ್ತೇಳನೆಯದಕ್ಕೆ ಮೊದಲ ಗಂಟೆಗೇ ಎತ್ತಿದಳು. “ಊಟ ಆತೇನು?” ಎಂದಳು.

ಎರಡೂ ಮನೆಯವರು ಒಪ್ಪಿದ್ದಾರೆ. ಅವ್ವ ಥರ್ಮಾಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾಳೆ. ಪಂಕ್ಚರ್ ಆದ ಬಸ್ಸು, ನಿಲ್ಲದೆ ಹೋದ ಬಸ್ಸು, ರಜೆ ಹಾಕಿದ ಒಬ್ಬರು, ಬದಲಿ ಬಂದ ಇನ್ನೊಬ್ಬರು. ಇವನ್ನೆಲ್ಲ ಒಂದೇ ಬೆಳಿಗ್ಗೆ ಜೋಡಿಸಿಟ್ಟ ಕೈ ಯಾರದೆಂದು ನಾನು ಬಲ್ಲೆ. ನನ್ನ ಹಾಗೆ ಒಳಗೇ ಬೇಯುತ್ತಿರುವವರು ನಿಮ್ಮಲ್ಲಿದ್ದರೆ, ಗುರುವಿಗೆ ಕೈ ಮುಗಿಯಿರಿ, ಆಸ್ಪತ್ರೆಗೂ ಹೋಗಿ. ಹೆಸರನ್ನೂ ತಾರೀಖನ್ನೂ ನಿಜ ಹೇಳಿ.

ಒಂದು ಸಂದೇಹ ಮಾತ್ರ ಉಳಿದಿದೆ. ಮದುವೆಯಾದ ಮೇಲಿನ ಮೊದಲ ಗುರುವಾರ ನಾವಿಬ್ಬರೂ ಗಾಣಗಾಪುರಕ್ಕೆ ಹೋಗಿ ಮಧುಕರಿ ಬೇಡಬೇಕೆಂದಿದ್ದೇವೆ. ಗಂಡ ಹೆಂಡತಿ ಕೂಡಿ ಹೋದರೆ ಇಬ್ಬರಿಗೂ ಸೇರಿ ಐದು ಮನೆಯೇ, ಇಲ್ಲ ಒಬ್ಬೊಬ್ಬರಿಗೆ ಐದರಂತೆ ಹತ್ತು ಮನೆಯೇ? ಐದು ಸಾಕು ಎನ್ನುತ್ತಾಳೆ ಸುವರ್ಣಾ. ಹತ್ತು ಇರಲಿ ಎನ್ನುತ್ತೇನೆ ನಾನು. ಪದ್ಧತಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ.