ಮೊದಲ ಟ್ರಾಂಬೋನಿನ ಕುರ್ಚಿ

ಕ್ರಿಸ್‌ಮಸ್‌ಗೆ ತಾನೇ ಸುಟ್ಟ ಶ್ಟೋಲನ್ ರೊಟ್ಟಿಯಲ್ಲಿ ಬಾದಾಮಿ ಕಡಿದು ಹಿಲ್ಟ್ರುಡ್ ಕ್ನಾಪೆಯ ಮುಂಬಲ್ಲು ಮುರಿಯಿತು. ಸ್ಯಾಕ್ಸನಿಯ ಆ ಬೆಟ್ಟದ ಪಟ್ಟಣದ ವಾದ್ಯವೃಂದದಲ್ಲಿ ಅವಳು ಮೊದಲ ಟ್ರಾಂಬೋನ್. ಹಿತ್ತಾಳೆ ಊದುವವರಿಗೆ ಮುಂಬಲ್ಲೆಂದರೆ ಮನೆಗೆ ತೊಲೆ ಇದ್ದ ಹಾಗೆ. ಕಟ್ಟಿಸಿದ ಹಲ್ಲಿನ ಮೇಲೆ ತುಟಿ ಪಳಗಲು ತಿಂಗಳುಗಳೇ ಬೇಕು. ಸಿಂಫನಿ ಫೆಬ್ರವರಿಯಲ್ಲೇ ಇತ್ತು.

ಅದೂ ಎಂಥ ಸಿಂಫನಿ! ಮೊದಲ ಮೂರು ಭಾಗಗಳಲ್ಲಿ ಟ್ರಾಂಬೋನಿಗೆ ಕೆಲಸವೇ ಇಲ್ಲ. ಕೊಂಬು, ತುತ್ತೂರಿಗಳೆಲ್ಲ ಗುಡುಗಿ ಮುಗಿದ ಮೇಲೆ, ನಾಲ್ಕನೆಯದರಲ್ಲಿ ಒಮ್ಮೆಗೇ ಎತ್ತರದ ಸ್ವರವೊಂದನ್ನು ಪಿಸುಮಾತಿನಷ್ಟು ಮೆಲ್ಲಗೆ ಹಿಡಿಯಬೇಕು. ಅಷ್ಟರಲ್ಲಿ ವಾದ್ಯ ತಣ್ಣಗಾಗಿ ಶ್ರುತಿ ಇಳಿದಿರುತ್ತದೆ.

"ಕ್ನಾಪೆಯವರೇ, ಈ ಸಲ ರೋನೆ ಮೊದಲನೇದು ಊದಲಿ. ಯಾರೂ ತಪ್ಪು ತಿಳಿಯಲ್ಲ," ಎಂದ ವೃಂದದ ನಿರ್ದೇಶಕ ಫಾಲ್ಕ್.

"ನಾನು ತಿಳೀತೀನಲ್ಲ! ಹಲ್ಲು ನಂದು, ತುಟಿ ನಂದು. ನಿಮಗ್ಯಾಕೆ ಮೇಷ್ಟ್ರೇ ಹೊಟ್ಟೆನೋವು?"

ಫಾಲ್ಕನ ಮುಖ ಕೆಂಪಾಯಿತು. "ಸ್ವರ ಒಡೆದ್ರೆ ಆ ಕುರ್ಚಿ ರೋನೆದು. ಒಪ್ಪಿಗೇನಾ?"

"ಒಪ್ಪಿಗೆ."

ಪಕ್ಕದಲ್ಲಿದ್ದ ಎರಡನೆಯ ಟ್ರಾಂಬೋನಿನ ರೋನೆ ಗೊಣಗಿದ: "ನನ್ನನ್ಯಾಕೆ ಸಿಕ್ಕಿಸ್ತೀಯಕ್ಕಾ? ಹಲ್ಲೆಲ್ಲ ನೆಟ್ಟಗಿದ್ರೂ ಆ ಸ್ವರ ನೋಡಿದ್ರೆ ನನಗೆ ನಡುಕ."

ಸಂಗೀತ ಕಛೇರಿಯ ದಿನ ಫಾಲ್ಕನ ಕಟ್ಟಪ್ಪಣೆ: ಊದುವ ತನಕ ಟ್ರಾಂಬೋನಿನ ಮೂವರೂ ಬೊಂಬೆಗಳಂತೆ ಕೂರಬೇಕು. ಮೂರನೆಯ ಭಾಗ ಶುರುವಾದದ್ದೇ ತಡ, ಹಿಲ್ಟ್ರುಡ್ ವಾದ್ಯವೆತ್ತಿ ಸದ್ದಿಲ್ಲದೆ ಬಿಸಿಯುಸಿರು ತುಂಬತೊಡಗಿದಳು. ಇದು ಹಳ್ಳಿಯ ಅಭ್ಯಾಸ. ಅವಳ ಊರಿನ ಮರಗೆತ್ತನೆಯವರು ಹಬ್ಬದಂದು ಹಿಮದಲ್ಲಿ ಚರ್ಚಿನ ಗೋಪುರವೇರಿ ಟ್ರಾಂಬೋನಿನಲ್ಲಿ ಕೀರ್ತನೆ ಊದುತ್ತಿದ್ದರು. ಹೆಣ್ಣಿಗೆ ಕೊಳಲೇ ಸಾಕೆಂದ ಪಾದ್ರಿಯ ಮಾತನ್ನು ಗಾಳಿಗೆ ತೂರಿ ಅವಳೂ ಏರಿದ್ದಳು; ಕೊರೆಯುವ ಹಿತ್ತಾಳೆಯನ್ನು ಉಸಿರಿನಿಂದ ಕಾಯಿಸುವುದನ್ನು ಅಲ್ಲೇ ಕಲಿತಿದ್ದಳು. ಫಾಲ್ಕ್ ಕಣ್ಣು ಕೆಕ್ಕರಿಸಿದ. ಅವಳು ನೋಡಿಯೂ ನಿಲ್ಲಿಸಲಿಲ್ಲ.

ನಾಲ್ಕನೆಯ ಭಾಗ ಬಂತು. ಅವಳ ಸ್ವರ ಬೀಳುವ ಹೊತ್ತಿಗೆ ಫಾಲ್ಕನ ಎಡಗೈ ರೋನೆಯತ್ತ ತಿರುಗಿತು: ಇವಳದ್ದನ್ನು ನೀನೇ ಊದು ಎಂಬ ಸನ್ನೆ. ರೋನೆ ತಲೆ ತಗ್ಗಿಸಿ ತನ್ನ ಪಾಲಿನ ಕೆಳಸ್ವರವನ್ನಷ್ಟೇ ಹಿಡಿದ.

ಸ್ವರದ ಮೊದಲ ತುದಿಯಲ್ಲಿ ಮರಳಿನಷ್ಟು ಗರಗರ. ಹೊಸ ಹಲ್ಲು ಒಸಡಿಗೆ ಒತ್ತಿ ಅವಳ ಕಣ್ಣಲ್ಲಿ ನೀರಾಡಿತು. ಅವಳು ಒತ್ತಡ ಸಡಿಲಿಸಲಿಲ್ಲ. ಮರುಕ್ಷಣ ಸ್ವರ ತಿಳಿಯಾಯಿತು, ಒಡೆಯದೆ ಕೊನೆಯವರೆಗೆ ನಿಂತಿತು.

ಚಪ್ಪಾಳೆಯ ನಡುವೆ ಫಾಲ್ಕ್ ಅವಳೊಬ್ಬಳಿಗೇ ಏಳಲು ಸನ್ನೆ ಮಾಡಿದ. ಅವಳು ಅಲುಗಲಿಲ್ಲ. ಮತ್ತೆ ಕರೆದ.

"ಏಳಕ್ಕಾ, ಕರೀತಿದಾರೆ," ಎಂದ ರೋನೆ.

"ಕರೀಲಿ. ನಮ್ಮ ಮೂವರನ್ನೂ ಕರೆಯೋ ತನಕ ಈ ಕುರ್ಚಿ ಬಿಟ್ಟು ಏಳೋಳಲ್ಲ ನಾನು."

ಫಾಲ್ಕ್ ಟ್ರಾಂಬೋನಿನ ಇಡೀ ಸಾಲಿಗೇ ಏಳಲು ಕೈ ಬೀಸಿದ.